ಗಣಕಯಂತ್ರವೂ ಮನುಷ್ಯನ ಗರ್ವವೂ



ಬಂಟ್ವಾಳದ ಹೊಳೆಯ ದಂಡೆಯಿಂದಲೂ, ಬೆಳ್ತಂಗಡಿಯ ಘಟ್ಟದ ತಪ್ಪಲಿನಿಂದಲೂ, ಮೂಡುಬಿದಿರೆಯ ಬಸದಿಗಳ ಬೀದಿಯಿಂದಲೂ ಹೆಣ್ಣುಮಕ್ಕಳು ಮುಂಜಾನೆ ಪುಸ್ತಕದ ಚೀಲವನ್ನು ಹೆಗಲಿಗೇರಿಸಿಕೊಂಡು ಬಸ್ಸು ಹತ್ತುವುದನ್ನು ನಾವು ದಿನಂಪ್ರತಿ ಕಾಣುತ್ತೇವೆ. ಇವರಲ್ಲಿ ಅನೇಕರ ತಾಯಂದಿರು ಬೀಡಿ ಕಟ್ಟಿ ಶಾಲೆಯ ಫೀಸನ್ನು ಕೂಡಿಸಿದವರು. ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು, ಎಲೆಯೆಷ್ಟು, ಹುಡಿಯೆಷ್ಟು, ಬ್ರಾಂಚಿಗೆ ಕೊಟ್ಟ ಬೀಡಿಯೆಷ್ಟು ಎಂಬುದನ್ನು ಸಾವಿರದ ಲೆಕ್ಕದಲ್ಲಿ ಒಂದೂ ತಪ್ಪದಂತೆ ಬಾಯಿಯಲ್ಲಿಯೇ ಹೇಳಬಲ್ಲವರು. ಅಂಥ ತಾಯಿಯ ಮಗಳಿಗೆ, “ಹೆಣ್ಣಿನ ತಲೆಗೆ ಲೆಕ್ಕ ಹತ್ತದು, ಯಂತ್ರ ಒಗ್ಗದು” ಎಂದು ಯಾರಾದರೂ ಹೇಳಿದರೆ ಅವಳು ನಕ್ಕು ಸುಮ್ಮನಾಗಬೇಕಲ್ಲವೇ? ಆದರೆ ಅವಳು ನಗುವುದಿಲ್ಲ, ನಂಬುತ್ತಾಳೆ. ಆ ನಂಬಿಕೆ ಎಲ್ಲಿಂದ ಬಂದಿತು, ಅದರಿಂದಾದ ನಷ್ಟವೇನು, ಅದನ್ನು ಕಳೆಯುವ ಬಗೆ ಹೇಗೆ ಎಂಬುದೇ ಈ ಪಾಠದ ವಿಷಯವಾಗಿದೆ.

ಇಂದು ಗಣಕಯಂತ್ರವೂ ಅಂತರ್ಜಾಲವೂ ನಮ್ಮ ಸೀಮೆಗೆ ದೂರದ ವಸ್ತುಗಳಲ್ಲ. ಮೂಡುಬಿದಿರೆಯ ಸಮೀಪದ ಮಿಜಾರು, ತೋಡಾರುಗಳಲ್ಲಿಯೂ, ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳಿವೆ. ನಮ್ಮ ಶಾಲೆಗಳಿಂದ ಹೊರಟ ಹುಡುಗಿಯರು ಅಲ್ಲಿ ಓದಿ, ಮಂಗಳೂರು ಬೆಂಗಳೂರುಗಳಲ್ಲಿ ಕೆಲಸಕ್ಕೆ ಸೇರುತ್ತಾರೆ. ಹೀಗಿರುವಾಗ ಆ ಲೋಕದ ಒಳಗಣ ನಡವಳಿಯನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಯಂತ್ರಕ್ಕೆ ಸ್ವಂತವಾದ ಗರ್ವವಿಲ್ಲ. ಆದರೆ ಅದನ್ನು ಕಟ್ಟಿದವರ ಗರ್ವವು ಅದರೊಳಗೆ ಸೇರಿಕೊಳ್ಳುತ್ತದೆ. “ನಾನು ತಪ್ಪಿದೆನು” ಎಂದು ಒಬ್ಬರು ಬಾಯಿ ಬಿಟ್ಟು ಹೇಳುವ ತನಕ ಅಲ್ಲಿಯೇ ಉಳಿಯುತ್ತದೆ. ಇದನ್ನು ಕೆಲವು ನಿಜವಾದ ಸಂಗತಿಗಳ ಮೂಲಕ ವಿವರಿಸುವೆವು.

೧. ಮೊದಲು ಬಂದವರು ಯಾರು?

ನಮ್ಮ ಜಿಲ್ಲೆಯವರು ೧೮೪೩ನೆಯ ಇಸವಿಯನ್ನು ಮರೆಯಲಾರರು. ಆ ವರ್ಷದ ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನಿನ ಹರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಮತ್ತೊಂದು ಬರಹವು ಅಚ್ಚಾಯಿತು. ಚಾರ್ಲ್ಸ್ ಬ್ಯಾಬೇಜ್ ಎಂಬವರು ಒಂದು ದೊಡ್ಡ ಲೆಕ್ಕದ ಯಂತ್ರವನ್ನು ಯೋಚಿಸಿದ್ದರು. ಅದರ ವಿಷಯವಾಗಿ ಬೇರೊಬ್ಬರು ಬರೆದಿದ್ದ ಲೇಖನವನ್ನು ಏಡಾ ಲವ್‌ಲೇಸ್ ಎಂಬ ಸ್ತ್ರೀಯು ಅನುವಾದಿಸಿ, ಮೂಲಕ್ಕಿಂತಲೂ ದೀರ್ಘವಾದ ಟಿಪ್ಪಣಿಗಳನ್ನು ಜೋಡಿಸಿದರು. ಯಂತ್ರಕ್ಕೆ ಯಾವ ಕ್ರಮದಲ್ಲಿ ಅಪ್ಪಣೆಗಳನ್ನು ಕೊಟ್ಟರೆ ಅದು ಕಠಿಣವಾದ ಸಂಖ್ಯೆಗಳನ್ನು ಎಣಿಸಬಲ್ಲದು ಎಂಬುದನ್ನು ಆ ಟಿಪ್ಪಣಿಗಳಲ್ಲಿ ಹೆಜ್ಜೆ ಹೆಜ್ಜೆಯಾಗಿ ತೋರಿಸಿದ್ದರು. ಅಚ್ಚಾದ ಮೊದಲ ಗಣಕ ಕ್ರಮವಿಧಿಯೆಂದು ಇದನ್ನು ಅನೇಕರು ಎಣಿಸುತ್ತಾರೆ. ಆದರೆ ಬರಹದ ಕೆಳಗೆ ಅವರ ಪೂರ್ಣ ಹೆಸರಿರಲಿಲ್ಲ; ಎ. ಎ. ಎಲ್. ಎಂಬ ಮೂರು ಅಕ್ಷರಗಳಷ್ಟೇ ಇದ್ದುವು.

ಅದಾಗಿ ನೂರಮೂರು ವರ್ಷಗಳಾದ ಮೇಲೆ, ೧೯೪೬ರ ಫೆಬ್ರವರಿಯಲ್ಲಿ, ಅಮೇರಿಕದ ಫಿಲಡೆಲ್ಫಿಯಾ ಪಟ್ಟಣದಲ್ಲಿ ‘ಎನಿಯಾಕ್’ ಎಂಬ ವಿದ್ಯುತ್ ಗಣಕಯಂತ್ರವನ್ನು ಲೋಕಕ್ಕೆ ತೋರಿಸಲಾಯಿತು. ಸುಮಾರು ೧೮,೦೦೦ ಗಾಜಿನ ಕೊಳವೆಗಳಿದ್ದ ಆ ಯಂತ್ರವು ಒಂದು ದೊಡ್ಡ ಕೋಣೆಯನ್ನೇ ತುಂಬಿತ್ತು. ಅದಕ್ಕೆ ಕೆಲಸ ಹೇಳಿಕೊಡಲು ನಿಯಮಿತರಾದವರು ಆರು ಮಂದಿ ಸ್ತ್ರೀಯರು: ಕ್ಯಾಥ್ಲೀನ್ ಮೆಕ್‌ನಲ್ಟಿ, ಜೀನ್ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸೆಸ್ ಬಿಲಾಸ್, ರೂತ್ ಲಿಕ್ಟರ್‌ಮನ್. ಅವರ ಕೈಯಲ್ಲಿ ಕಲಿಸುವ ಪುಸ್ತಕವಿರಲಿಲ್ಲ. ಯಂತ್ರದ ನಕ್ಷೆಗಳನ್ನು ನೋಡಿಯೇ ಅವರು ವಿದ್ಯೆಯನ್ನು ಕಂಡುಕೊಳ್ಳಬೇಕಾಯಿತು. ಪ್ರದರ್ಶನದ ದಿನ ಫಿರಂಗಿಯ ಗುಂಡು ನೆಲಕ್ಕೆ ಬೀಳುವ ಮೊದಲೇ ಅದರ ಹಾದಿಯನ್ನು ಎಣಿಸಿ ತೋರಿಸಿದ ಕ್ರಮವಿಧಿಯನ್ನು ಸಿದ್ಧಪಡಿಸಿದವರು ಜೀನ್ ಜೆನಿಂಗ್ಸ್ ಮತ್ತು ಬೆಟ್ಟಿ ಸ್ನೈಡರ್. ಆ ರಾತ್ರಿ ಸಂಭ್ರಮದ ಔತಣ ನಡೆಯಿತು. ಈ ಸ್ತ್ರೀಯರಿಗೆ ಕರೆಯಿರಲಿಲ್ಲ. ಮುಂದೆ ಎಷ್ಟೋ ದಶಕಗಳ ವರೆಗೆ ಯಂತ್ರದ ಪಕ್ಕದಲ್ಲಿ ಅವರು ನಿಂತಿದ್ದ ಭಾವಚಿತ್ರಗಳನ್ನು ಕಂಡವರು, ಚಿತ್ರದ ಅಂದಕ್ಕಾಗಿ ನಿಲ್ಲಿಸಿದ ಹೆಂಗಸರಿರಬೇಕೆಂದು ಭಾವಿಸುತ್ತಿದ್ದರು.

ಇಲ್ಲಿ ನಾವು ಗಮನಿಸತಕ್ಕ ಅಂಶವೊಂದಿದೆ. ಆ ಕಾಲದಲ್ಲಿ ಯಂತ್ರದ ಕಬ್ಬಿಣ, ತಂತಿಗಳ ಕೆಲಸವೇ ಘನವಾದುದೆಂದೂ, ಅದಕ್ಕೆ ಅಪ್ಪಣೆಗಳನ್ನು ಬರೆಯುವುದು ಗುಮಾಸ್ತೆಯ ಕೆಲಸವೆಂದೂ ಗಂಡಸರು ತಿಳಿದಿದ್ದರು. ಆದುದರಿಂದಲೇ ಅದನ್ನು ಸ್ತ್ರೀಯರಿಗೆ ಬಿಟ್ಟುಕೊಟ್ಟರು. ಮುಂದೆ ಅಪ್ಪಣೆ ಬರೆಯುವ ಕೆಲಸಕ್ಕೇ ಹೆಚ್ಚಿನ ಸಂಬಳವೂ ಗೌರವವೂ ಬಂದಾಗ, ಅದು ಗಂಡಸರಿಗೆ ಸಹಜವಾದ ವಿದ್ಯೆಯೆಂಬ ಮಾತು ಹುಟ್ಟಿಕೊಂಡಿತು. ಹೆಣ್ಣಿನ ಬುದ್ಧಿಯು ಮೊದಲಿನಂತೆಯೇ ಇತ್ತು. ಬದಲಾದದ್ದು ಕೆಲಸದ ಬೆಲೆ.

೨. ಮುಚ್ಚಿದ ಬಾಗಿಲೂ ಒಂದು ಕಾರ್ಡೂ

ಇದು ಹೊರದೇಶದ ಕಥೆಯೆಂದು ಯಾರೂ ಹೇಳಬಾರದು. ನಮ್ಮ ಕನ್ನಡನಾಡಿನ ಒಂದು ಸಂಗತಿಯನ್ನು ಕೇಳಿರಿ.

ಹುಬ್ಬಳ್ಳಿಯ ಬಿ. ವಿ. ಬಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ತರಗತಿಗೆ ಒಬ್ಬಳೇ ಹುಡುಗಿಯಾಗಿ ಓದಿದ ಸುಧಾ ಮೂರ್ತಿಯವರು ೧೯೭೪ರಲ್ಲಿ ಬೆಂಗಳೂರಿನ ವಿಜ್ಞಾನಮಂದಿರದಲ್ಲಿ ಉಚ್ಚವ್ಯಾಸಂಗ ಮಾಡುತ್ತಿದ್ದರು. ಆಗ ಟೆಲ್ಕೊ ಎಂಬ ಪ್ರಸಿದ್ಧ ಮೋಟಾರು ಕಾರ್ಖಾನೆಯವರ ಒಂದು ಜಾಹೀರಾತು ಅವರ ಕಣ್ಣಿಗೆ ಬಿದ್ದಿತು. ತರುಣ ಇಂಜಿನಿಯರುಗಳು ಬೇಕಾಗಿದ್ದಾರೆ, ಆದರೆ ಸ್ತ್ರೀಯರು ಅರ್ಜಿ ಹಾಕಬೇಕಾಗಿಲ್ಲ ಎಂಬುದು ಅದರ ಸಾರ. ಅವರು ಒಂದು ಅಂಚೆಯ ಕಾರ್ಡನ್ನು ತೆಗೆದುಕೊಂಡು, ಆ ಸಂಸ್ಥೆಯ ಹಿರಿಯರಾದ ಜೆ. ಆರ್. ಡಿ. ಟಾಟಾರವರಿಗೇ ತಮ್ಮ ಆಕ್ಷೇಪವನ್ನು ಬರೆದು ಹಾಕಿದರು. ಕೆಲವು ದಿನಗಳಲ್ಲಿಯೇ ಪುಣೆಗೆ ಬರುವಂತೆ ಕರೆ ಬಂದಿತು, ಪರೀಕ್ಷೆ ನಡೆಯಿತು, ಆ ಕಾರ್ಖಾನೆಯ ಮೊದಲ ಮಹಿಳಾ ಇಂಜಿನಿಯರಾಗಿ ಅವರು ನಿಯಮಿತರಾದರು. ಈ ಕಥೆಯನ್ನು ನಮ್ಮಲ್ಲಿ ಬಹುಮಂದಿ ಬಲ್ಲರು.

ಆದರೆ ಇದರ ಮುಂದಿನ ಭಾಗವನ್ನು ನೆನೆಯುವವರು ಕಡಿಮೆ. ೧೯೮೧ರಲ್ಲಿ ಅವರ ಪತಿಗಳಾದ ಎನ್. ಆರ್. ನಾರಾಯಣಮೂರ್ತಿಗಳು ಆರು ಮಂದಿ ಗೆಳೆಯರೊಡನೆ ಇನ್ಫೋಸಿಸ್ ಎಂಬ ಗಣಕ ಸಂಸ್ಥೆಯನ್ನು ಆರಂಭಿಸಿದರು. ಮೂಲಧನವಾದ ೧೦,೦೦೦ ರೂಪಾಯಿಗಳನ್ನು ಕೊಟ್ಟವರು ಸುಧಾ ಮೂರ್ತಿಯವರೇ. ಆದರೂ ಸಂಸ್ಥೆಯಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಮನೆತನದವರು ಕೂಡದೆಂಬ ಧ್ಯೇಯದಿಂದ ಪತಿಯು ಪತ್ನಿಯನ್ನು ಹೊರಗಿಟ್ಟರು. ಇಂಜಿನಿಯರಾದ ಆಕೆ ಮನೆಯನ್ನೂ ಮಕ್ಕಳನ್ನೂ ನೋಡಿಕೊಂಡರು. ಈ ನಿರ್ಧಾರವನ್ನು ಲೋಕವು ತ್ಯಾಗವೆಂದು ಬಹುಕಾಲ ಹೊಗಳಿತು. ಸುಮಾರು ನಾಲ್ವತ್ತುಮೂರು ವರ್ಷಗಳಾದ ಮೇಲೆ, ೨೦೨೪ರ ಆರಂಭದಲ್ಲಿ, ನಾರಾಯಣಮೂರ್ತಿಗಳು ಒಂದು ಸಂದರ್ಶನದಲ್ಲಿ, ಸಂಸ್ಥೆಯನ್ನು ಸ್ಥಾಪಿಸಿದ ತಾವೇಳು ಮಂದಿಗಿಂತಲೂ ಆಕೆ ಹೆಚ್ಚು ಅರ್ಹರಾಗಿದ್ದರೆಂದೂ, ಹೊರಗಿಟ್ಟದ್ದು ತಮ್ಮ ತಪ್ಪು ಆದರ್ಶವಾಗಿತ್ತೆಂದೂ ಒಪ್ಪಿಕೊಂಡರು.

ಈ ಒಪ್ಪಿಗೆಯನ್ನು ನಾವು ಗೌರವದಿಂದ ಕಾಣುತ್ತೇವೆ. ವೃದ್ಧಾಪ್ಯದಲ್ಲಿ, ಕೀರ್ತಿಯ ಶಿಖರದಲ್ಲಿ ನಿಂತು ಹೀಗೆ ಹೇಳುವುದು ಸುಲಭವಲ್ಲ. ಆದರೆ ಇದರಿಂದ ನಾವು ಇನ್ನೊಂದನ್ನೂ ಕಲಿಯಬೇಕು. ದ್ವೇಷದಿಂದ ಮಾತ್ರವೇ ಹೆಣ್ಣಿಗೆ ಬಾಗಿಲು ಮುಚ್ಚುವುದಿಲ್ಲ; ಒಳ್ಳೆಯ ಮನಸ್ಸಿನಿಂದಲೂ, ದೊಡ್ಡ ಧ್ಯೇಯದ ಹೆಸರಿನಿಂದಲೂ ಮುಚ್ಚಬಹುದು. ಪತಿಪತ್ನಿಯರಲ್ಲಿ ಒಬ್ಬರೇ ಇರತಕ್ಕದ್ದೆಂದಾಗ, ಆ ಒಬ್ಬರು ಯಾರೆಂಬ ಪ್ರಶ್ನೆಯನ್ನು ಕೇಳುವ ಅಗತ್ಯವೇ ಯಾರಿಗೂ ತೋರಲಿಲ್ಲ.

೩. ಯಂತ್ರವು ಕಲಿತ ಪಾಠ

“ಮನುಷ್ಯರು ಪಕ್ಷಪಾತಿಗಳಾಗಿರಬಹುದು, ಯಂತ್ರವು ನಿಷ್ಪಕ್ಷಪಾತಿಯಲ್ಲವೇ? ಆಯ್ಕೆಯನ್ನು ಅದಕ್ಕೇ ಬಿಟ್ಟರಾಯಿತು” ಎಂದು ಕೆಲವರು ಹೇಳುವುದುಂಟು. ಹೆಣ್ಣುಮಕ್ಕಳ ಶಾಲೆಯವರಾದ ನಾವು ಈ ಮಾತನ್ನು ವಿಶೇಷವಾಗಿ ಪರೀಕ್ಷಿಸಬೇಕು.

ಅಮೆಜಾನ್ ಎಂಬ ಅಮೇರಿಕದ ಬಹುದೊಡ್ಡ ಸಂಸ್ಥೆಯಲ್ಲಿ ೨೦೧೪ರ ಸುಮಾರಿಗೆ ಇಂಜಿನಿಯರುಗಳು, ಕೆಲಸಕ್ಕೆ ಬಂದ ಅರ್ಜಿಗಳನ್ನು ಓದಿ ಅಂಕ ಕೊಡುವ ಒಂದು ಗಣಕ ವ್ಯವಸ್ಥೆಯನ್ನು ಕಟ್ಟತೊಡಗಿದರು. ಹಿಂದಿನ ಹತ್ತು ವರ್ಷಗಳಲ್ಲಿ ಬಂದಿದ್ದ ಅರ್ಜಿಗಳನ್ನು ಅದಕ್ಕೆ ಪಾಠವಾಗಿ ಓದಿಸಿದರು. ಆ ಅರ್ಜಿಗಳಲ್ಲಿ ಹೆಚ್ಚಿನವು ಗಂಡಸರವು. ಯಂತ್ರವು ವಿಧೇಯನಾದ ಶಿಷ್ಯನಂತೆ ಅದನ್ನೇ ಕಲಿತುಕೊಂಡಿತು. ಅರ್ಜಿಯಲ್ಲಿ ‘ಮಹಿಳೆಯರ’ ಎಂಬ ಪದ ಕಂಡರೆ, ಉದಾಹರಣೆಗೆ ಮಹಿಳೆಯರ ಚದುರಂಗ ಸಂಘದ ನಾಯಕಿ ಎಂದಿದ್ದರೆ, ಅದು ಅಂಕವನ್ನು ಇಳಿಸತೊಡಗಿತು. ಎರಡು ಮಹಿಳಾ ಕಾಲೇಜುಗಳ ಪದವೀಧರೆಯರನ್ನು ಕೆಳಗಿನ ಸಾಲಿಗೆ ತಳ್ಳಿತು. ತಿದ್ದಲು ಯತ್ನಿಸಿದರೂ ಪೂರ್ಣವಾದ ಭರವಸೆ ಹುಟ್ಟದೆ ಸಂಸ್ಥೆಯವರು ಆ ಕಾರ್ಯವನ್ನು ಕೈಬಿಟ್ಟರು. ೨೦೧೮ರಲ್ಲಿ ಈ ಸುದ್ದಿಯು ಹೊರಬಿದ್ದಿತು. ತಮ್ಮ ನೇಮಕಾಧಿಕಾರಿಗಳು ಅರ್ಜಿದಾರರನ್ನು ಅಳೆಯಲು ಅದನ್ನು ಉಪಯೋಗಿಸಲಿಲ್ಲವೆಂದು ಸಂಸ್ಥೆಯು ತಿಳಿಸಿತು.

ಸೋದರಿಯರೇ, ನಮ್ಮ ಸರ್ಟಿಫಿಕೇಟುಗಳ ತಲೆಯ ಮೇಲೆ ಏನು ಅಚ್ಚಾಗಿದೆ? ‘ಹೆಣ್ಣುಮಕ್ಕಳ ಪ್ರೌಢಶಾಲೆ’ ಎಂದು. ಯಾವ ಮಾತನ್ನು ನಾವು ಹೆಮ್ಮೆಯಿಂದ ಬರೆಯುವೆವೋ, ಅದಕ್ಕಾಗಿಯೇ ಅಂಕ ಕಳೆಯುವ ಯಂತ್ರವೊಂದು ನಿಜವಾಗಿಯೂ ಲೋಕದಲ್ಲಿ ಹುಟ್ಟಿತ್ತು. ಅದನ್ನು ಮಾಡಿದವರು ದುಷ್ಟರೆಂದು ಹೇಳಲಾರೆವು. ತಮ್ಮ ಹಿಂದಿನ ಹತ್ತು ವರ್ಷಗಳ ನಡತೆಯು ಆದರ್ಶಪ್ರಾಯವಾದುದೆಂದು ಅವರು ಪರೀಕ್ಷಿಸದೆ ಎಣಿಸಿದರು. ಗರ್ವದ ಲಕ್ಷಣವೇ ಇದು.

ಅದೇ ೨೦೧೮ರಲ್ಲಿ ಜಾಯ್ ಬೊಲಮ್ವಿನಿ, ಟಿಮ್ನಿಟ್ ಗೆಬ್ರು ಎಂಬ ಇಬ್ಬರು ಮಹಿಳೆಯರು ಮತ್ತೊಂದು ಪರೀಕ್ಷೆಯನ್ನು ಪ್ರಕಟಿಸಿದರು. ಮುಖವನ್ನು ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ಮೂರು ಕಂಪೆನಿಗಳ ವ್ಯವಸ್ಥೆಗಳನ್ನು ಅವರು ಶೋಧಿಸಿದರು. ಬಿಳಿಯ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ನೂರಕ್ಕೆ ೦.೮ನ್ನು ಮೀರಲಿಲ್ಲ. ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿಯೋ, ತಪ್ಪು ನೂರಕ್ಕೆ ೩೪.೭ರ ವರೆಗೂ ಏರಿತು. ಕಾರಣವು ಸರಳವಾದದ್ದು: ಯಂತ್ರಕ್ಕೆ ತೋರಿಸಿದ ಮುಖಗಳಲ್ಲಿ ಕಪ್ಪು ಹೆಂಗಸರ ಮುಖಗಳು ಕಡಿಮೆ, ಕಟ್ಟಿದವರ ಮೇಜಿನ ಸುತ್ತಲೂ ಅಂಥವರು ಕಡಿಮೆ. ಜಾಯ್ ಬೊಲಮ್ವಿನಿಯವರು ತಮ್ಮ ಮುಖವನ್ನು ಯಂತ್ರವು ಗುರುತಿಸದೆ, ಬಿಳಿಯ ಮುಖವಾಡ ಹಾಕಿದಾಗ ಮಾತ್ರ ಗುರುತಿಸಿದುದನ್ನು ಕಂಡೇ ಈ ಶೋಧನೆಗೆ ಕೈಯಿಟ್ಟರು. ಪರೀಕ್ಷೆಯು ಪ್ರಕಟವಾದ ಮೇಲೆ ಕಂಪೆನಿಗಳು ತಮ್ಮ ವ್ಯವಸ್ಥೆಗಳನ್ನು ತಿದ್ದಿಕೊಂಡವು. ಆದುದರಿಂದ ಹೆಣ್ಣುಮಕ್ಕಳು ಈ ವಿದ್ಯೆಯನ್ನು ಕಲಿಯುವುದು ತಮ್ಮ ಹೊಟ್ಟೆಪಾಡಿಗಾಗಿ ಮಾತ್ರವಲ್ಲ. ಅವರು ಅಲ್ಲಿಲ್ಲದಿದ್ದರೆ ಯಂತ್ರವೇ ಕುರುಡಾಗುತ್ತದೆ.

೪. ಕೇಳಿದರೆ ತಪ್ಪೇ?

ಮೂಡುಬಿದಿರೆಯಿಂದ ಕಾರ್ಕಳದ ಮಾರ್ಗವಾಗಿ ಹೋದರೆ ಮಣಿಪಾಲವು ದೂರವಲ್ಲ. ಅಲ್ಲಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ೧೯೮೮ರಲ್ಲಿ ಪದವಿ ಪಡೆದ ಸತ್ಯ ನಾದೆಳ್ಳರು ೨೦೧೪ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಎಂಬ ಜಗತ್ಪ್ರಸಿದ್ಧ ಸಂಸ್ಥೆಯ ಮುಖ್ಯಾಧಿಕಾರಿಯಾದರು. ನಮ್ಮ ಕರಾವಳಿಯವರೆಲ್ಲರಿಗೂ ಅದು ಹೆಮ್ಮೆಯ ಸುದ್ದಿಯಾಗಿತ್ತು.

ಅದೇ ವರ್ಷದ ಅಕ್ಟೋಬರಿನಲ್ಲಿ ಅಮೇರಿಕದ ಫೀನಿಕ್ಸ್ ಪಟ್ಟಣದಲ್ಲಿ ಗಣಕವಿದ್ಯೆಯ ಮಹಿಳೆಯರ ಒಂದು ಮಹಾಸಮ್ಮೇಳನ ನಡೆಯಿತು. ಗ್ರೇಸ್ ಹಾಪರ್ ಎಂಬ ವಿದುಷಿಯ ಹೆಸರಿನಲ್ಲಿ ನಡೆಯುವ ಸಮ್ಮೇಳನವದು. ಮನುಷ್ಯನು ಬರೆದ ಅಪ್ಪಣೆಗಳನ್ನು ಯಂತ್ರದ ಭಾಷೆಗೆ ತಾನಾಗಿ ತಿರುಗಿಸುವ ಸಾಧನವನ್ನು ೧೯೫೨ರಷ್ಟು ಹಿಂದೆಯೇ ಮಾಡಿ ತೋರಿಸಿದವರು ಆಕೆ. ವೇದಿಕೆಯ ಮೇಲೆ ಮರಿಯಾ ಕ್ಲಾವೆ ಎಂಬ ಕಾಲೇಜು ಅಧ್ಯಕ್ಷೆಯು, ಸಂಬಳದ ಹೆಚ್ಚಳವನ್ನು ಕೇಳಲು ಹಿಂಜರಿಯುವ ಸ್ತ್ರೀಯರಿಗೆ ಏನು ಹೇಳುವಿರೆಂದು ನಾದೆಳ್ಳರನ್ನು ಕೇಳಿದರು. ಕೇಳುವುದಕ್ಕಿಂತ ವ್ಯವಸ್ಥೆಯ ಮೇಲೆ ನಂಬಿಕೆಯಿಡುವುದೇ ಲೇಸು, ಕೇಳದಿರುವುದು ಒಳ್ಳೆಯ ಕರ್ಮ, ಅದರ ಫಲ ತಾನಾಗಿ ಬರುವುದು ಎಂಬ ಅರ್ಥದಲ್ಲಿ ಅವರು ಉತ್ತರಕೊಟ್ಟರು. ಪ್ರಶ್ನೆ ಕೇಳಿದಾಕೆ ಅದೇ ಸಂಸ್ಥೆಯ ಆಡಳಿತಮಂಡಲಿಯ ಸದಸ್ಯೆಯಾಗಿದ್ದರೂ, ಆ ವೇದಿಕೆಯಲ್ಲಿಯೇ ತಮ್ಮ ಭಿನ್ನಾಭಿಪ್ರಾಯವನ್ನು ಹೇಳಿದರು. ತಾವೂ ಕೇಳದೆ ಕಡಿಮೆ ಸಂಬಳಕ್ಕೆ ದುಡಿದುದನ್ನು ತಿಳಿಸಿದರು. ದೇಶವೆಲ್ಲ ಈ ಮಾತನ್ನು ಖಂಡಿಸಿತು. ಅದೇ ದಿನ ನಾದೆಳ್ಳರು ತಮ್ಮ ನೌಕರರಿಗೆಲ್ಲ ಪತ್ರ ಬರೆದು, ತಮ್ಮ ಉತ್ತರವು ಸಂಪೂರ್ಣವಾಗಿ ತಪ್ಪೆಂದೂ, ಹೆಚ್ಚಳಕ್ಕೆ ಅರ್ಹಳಾದವಳು ಕೇಳಲೇಬೇಕೆಂದೂ ತಿಳಿಸಿದರು.

ಕರ್ಮವೆಂಬ ಪದವು ನಮ್ಮದೇ. “ಬಂದದ್ದು ಬರಲಿ, ನೀನು ಸುಮ್ಮನಿರು ಮಗಳೇ” ಎಂಬ ಬುದ್ಧಿಮಾತು ನಮ್ಮ ಅಂಗಳಗಳಲ್ಲಿಯೂ ಕೇಳಿಬರುವುದು. ತಾಳ್ಮೆಯು ಸದ್ಗುಣವೇ. ಆದರೆ ಮಗನಿಗೆ “ಕೇಳು” ಎಂದೂ ಮಗಳಿಗೆ “ತಾಳು” ಎಂದೂ ಕಲಿಸಿದರೆ ಅದು ಸದ್ಗುಣದ ಶಿಕ್ಷಣವಲ್ಲ, ಪಾಲಿನ ಮೋಸ. ನಾರಾಯಣಮೂರ್ತಿಗಳಿಗೆ ಒಪ್ಪಿಕೊಳ್ಳಲು ದಶಕಗಳು ಹಿಡಿದುವು. ನಾದೆಳ್ಳರಿಗೆ ಕೆಲವು ತಾಸುಗಳು ಹಿಡಿದುವು. ಈ ಅಂತರಕ್ಕೆ ಒಂದು ಮುಖ್ಯ ಕಾರಣವನ್ನು ನಾವು ಕಾಣುತ್ತೇವೆ. ಎರಡನೆಯ ಸಂದರ್ಭದಲ್ಲಿ, “ನೀವು ಹೇಳಿದ್ದು ಸರಿಯಲ್ಲ” ಎಂದು ಎದುರಿಗೇ ಹೇಳಬಲ್ಲ ಸ್ತ್ರೀಯೊಬ್ಬಳು ಅದೇ ವೇದಿಕೆಯಲ್ಲಿ ಸಮಾನವಾದ ಆಸನದಲ್ಲಿದ್ದಳು.

೫. ಬೀಗದ ಕೈ ಯಾರಲ್ಲಿದೆ?

ಇನ್ನು ನಮ್ಮ ಮನೆಗಳ ಕಡೆಗೆ ತಿರುಗೋಣ. ತುಳುನಾಡಿನ ಅಳಿಯಸಂತಾನ ಪದ್ಧತಿಯನ್ನು ನೀವು ಕೇಳಿದ್ದೀರಿ. ಅದರಲ್ಲಿ ಆಸ್ತಿಯು ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಹಿರಿಯ ಸ್ತ್ರೀಯು ಯಜಮಾನ್ತಿಯಾಗುವುದೂ ಉಂಟಾಗಿತ್ತು. ಮೂಡುಬಿದಿರೆಯ ಚೌಟರ ಮನೆತನವೂ ಉಳ್ಳಾಲದ ರಾಣಿ ಅಬ್ಬಕ್ಕನೂ ಈ ಪದ್ಧತಿಯವರೇ. ಆದರೂ ಎಷ್ಟೋ ಕುಟುಂಬಗಳಲ್ಲಿ ಹೆಸರು ಹೆಣ್ಣಿನದಾಗಿ, ಪತ್ತಾಯದ ಬೀಗದ ಕೈ ಮಾತ್ರ ಸೋದರಮಾವನ ಸೊಂಟದಲ್ಲಿರುತ್ತಿತ್ತು.

ಇಂದಿನ ಮೊಬೈಲು ಫೋನಿನ ವಿಷಯದಲ್ಲಿ ಇದೇ ನಡೆಯುತ್ತದೆ. ೨೦೨೩ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮೀ ಯೋಜನೆಯಲ್ಲಿ ತಿಂಗಳಿಗೆ ೨,೦೦೦ ರೂಪಾಯಿಯನ್ನು ಮನೆಯ ಯಜಮಾನಿಯ ಬೇಂಕು ಖಾತೆಗೇ ಕಳುಹಿಸುವ ಏರ್ಪಾಡಾಯಿತು. ಖಾತೆ ಆಕೆಯದು. ಆದರೆ ಖಾತೆಗೆ ಜೋಡಿಸಿದ ಫೋನು ಗಂಡನದೋ ಮಗನದೋ ಆಗಿದ್ದರೆ, ಹಣ ಬಂದ ಸಂದೇಶವೂ, ಹಣ ತೆಗೆಯುವ ಗುಟ್ಟಿನ ಅಂಕಿಯೂ ಅವನ ಜೇಬಿಗೇ ಹೋಗುತ್ತವೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಭಾರತದಲ್ಲಿ ಒಮ್ಮೆಯಾದರೂ ಅಂತರ್ಜಾಲವನ್ನು ಉಪಯೋಗಿಸಿದ್ದ ಸ್ತ್ರೀಯರು ನೂರಕ್ಕೆ ೩೩.೩, ಪುರುಷರು ನೂರಕ್ಕೆ ೫೭.೧.

ಇದಕ್ಕಿಂತಲೂ ದುಃಖಕರವಾದ ಸಂಗತಿಯೊಂದಿದೆ. ನಾವು ಬಲ್ಲ ಒಬ್ಬ ಹುಡುಗಿಯ ಫೋನಿಗೆ ಅಪರಿಚಿತನೊಬ್ಬನು ಹೊಲಸು ಮಾತುಗಳನ್ನು ಕಳುಹಿಸಿದನು. ಅವಳು ಧೈರ್ಯಮಾಡಿ ಮನೆಯಲ್ಲಿ ಹೇಳಿದಳು. ಮನೆಯವರು ಅವಳ ಫೋನನ್ನು ಕಿತ್ತುಕೊಂಡರು. ಸಂಜೆಯ ಗಣಕ ತರಗತಿಯನ್ನೂ ಬಿಡಿಸಿದರು. ಕಳುಹಿಸಿದವನ ಫೋನು ಅವನಲ್ಲಿಯೇ ಉಳಿಯಿತು. ಕಳ್ಳನು ಬಂದನೆಂದು ಮನೆಯವಳನ್ನೇ ಹೊರಗೆ ಹಾಕಿದಂತಾಯಿತಲ್ಲವೇ? ಇದನ್ನು ಕಂಡ ಅವಳ ತಂಗಿಯು ನಾಳೆ ತನಗೆ ಹೀಗಾದರೆ ಹೇಳುವಳೇ?

ವಿದ್ಯೆಯಿದ್ದ ಮಾತ್ರಕ್ಕೆ ವಿನಯ ಬರುವುದೆಂದೂ ಹೇಳಲಾಗದು. ೨೦೨೨ರ ಜನವರಿಯ ಮೊದಲ ದಿನ, ಮುಸಲ್ಮಾನ ಸ್ತ್ರೀಯರ ಭಾವಚಿತ್ರಗಳನ್ನು ಅವರಿಗೆ ತಿಳಿಯದಂತೆ ತೆಗೆದು, ಅವರನ್ನು ಹರಾಜಿಗಿಟ್ಟಂತೆ ತೋರಿಸಿದ ‘ಬುಲ್ಲಿ ಬಾಯಿ’ ಎಂಬ ಆ್ಯಪೊಂದು ಅಂತರ್ಜಾಲದಲ್ಲಿ ಕಾಣಿಸಿತು. ಅವರಲ್ಲಿ ಪತ್ರಿಕೆಗಳಲ್ಲಿಯೂ ಸಾರ್ವಜನಿಕ ಕಾರ್ಯದಲ್ಲಿಯೂ ಹೆಸರಾದ ಮಹಿಳೆಯರಿದ್ದರು. ಈ ಪ್ರಕರಣದಲ್ಲಿ ಆಪಾದಿತರಾಗಿ ಬಂಧಿತರಾದವರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ತರುಣನೂ ಒಬ್ಬನು. ಮಾತಾಡುವ ಸ್ತ್ರೀಯರ ಬಾಯಿ ಮುಚ್ಚಿಸಬೇಕೆಂಬುದೇ ಇಂಥ ಕೃತ್ಯಗಳ ಉದ್ದೇಶ. ಆ ಸ್ತ್ರೀಯರಲ್ಲಿ ಕೆಲವರು ಸುಮ್ಮನಿರದೆ ಪೊಲೀಸರಿಗೆ ದೂರು ಕೊಟ್ಟುದರಿಂದಲೇ ವಿಚಾರಣೆಯು ನಡೆಯಿತು.

೬. ಮಾಡತಕ್ಕದ್ದೇನು?

ಪಾಠವೆಂದ ಮೇಲೆ ಉಪಯೋಗಕ್ಕೆ ಬರುವ ಮಾತು ಬೇಕು. ಆದುದರಿಂದ ಕೆಲವನ್ನು ಇಲ್ಲಿ ಬರೆಯುತ್ತೇವೆ.

ಮೊದಲನೆಯದಾಗಿ, ಪ್ರಾಪ್ತವಯಸ್ಸಿಗೆ ಬಂದೊಡನೆ ನಿಮ್ಮ ಸಿಮ್ಮನ್ನು ನಿಮ್ಮ ಹೆಸರಿನಲ್ಲಿಯೇ ತೆಗೆದುಕೊಳ್ಳಿರಿ. ಬೇಂಕಿನ ಖಾತೆಗೆ ಅದನ್ನೇ ಜೋಡಿಸಿರಿ. ಪಾಸ್‌ವರ್ಡನ್ನು ಗೆಳತಿಗೂ, ಪ್ರೀತಿಯ ಹೆಸರಿನಲ್ಲಿ ಕೇಳುವವನಿಗೂ ಕೊಡಬೇಡಿರಿ. ನಿಮ್ಮ ತಾಯಿಗೆ ಫೋನಿನಲ್ಲಿ ಬೇಂಕಿನ ಸಂದೇಶವನ್ನು ಓದುವುದನ್ನು ನೀವೇ ಕಲಿಸಿರಿ. ಬೀಡಿಯ ಲೆಕ್ಕ ಬಲ್ಲವಳಿಗೆ ಇದು ಎರಡು ದಿನದ ಪಾಠ.

ಎರಡನೆಯದಾಗಿ, ಯಾರಾದರೂ ಅಸಭ್ಯವಾಗಿ ಬರೆದರೆ ಹೆದರಿ ಅಳಿಸಬೇಡಿರಿ. ಅದರ ಚಿತ್ರವನ್ನು ತೆಗೆದಿಟ್ಟುಕೊಳ್ಳಿರಿ. ದಿನವನ್ನೂ ಸಮಯವನ್ನೂ ಬರೆದಿಡಿರಿ. ಅವನನ್ನು ಬ್ಲಾಕ್ ಮಾಡಿರಿ. ವಿಶ್ವಾಸವುಳ್ಳ ಹಿರಿಯರಿಗೆ ತಿಳಿಸಿರಿ. ಬೇಡವೆಂದರೂ ಹಿಂಬಾಲಿಸುವುದು, ಅಂತರ್ಜಾಲದಲ್ಲಿ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ ೭೮ನೆಯ ಕಲಮಿನಂತೆ ಅಪರಾಧ. ಖಾಸಗಿ ಅಂಗಗಳ ಚಿತ್ರವನ್ನು ಸಮ್ಮತಿಯಿಲ್ಲದೆ ತೆಗೆಯುವುದೂ ಹರಡುವುದೂ ೨೦೦೦ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬-ಇ ಕಲಮಿನಂತೆ ಅಪರಾಧ. ಹದಿನೆಂಟು ತುಂಬದವರಿಗೆ ೨೦೧೨ರ ಪೋಕ್ಸೊ ಕಾಯಿದೆಯ ರಕ್ಷಣೆಯೂ ಇದೆ. ಮಕ್ಕಳ ಸಹಾಯಕ್ಕೆ ೧೦೯೮, ಸ್ತ್ರೀಯರ ಸಹಾಯಕ್ಕೆ ೧೮೧, ಅಂತರ್ಜಾಲದಲ್ಲಿ ಹಣ ಮೋಸವಾದರೆ ೧೯೩೦: ಈ ಮೂರು ಅಂಕಿಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿರಿ.

ಮೂರನೆಯದಾಗಿ, ಮುಂದೆ ಕೆಲಸಕ್ಕೆ ಸೇರುವವರು ೨೦೧೩ರ ಕಾಯಿದೆಯನ್ನು ತಿಳಿದಿರಬೇಕು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿಯೊಂದು ಕಡೆಯಲ್ಲಿಯೂ ಸ್ತ್ರೀಯರ ಲೈಂಗಿಕ ಕಿರುಕುಳದ ದೂರನ್ನು ವಿಚಾರಿಸುವ ಆಂತರಿಕ ಸಮಿತಿಯಿರತಕ್ಕದ್ದು. ಅದರ ಅಧ್ಯಕ್ಷತೆ ಸ್ತ್ರೀಯದಾಗಿರತಕ್ಕದ್ದು. ಸೇರಿದ ಮೊದಲ ವಾರದಲ್ಲಿಯೇ ಆ ಸಮಿತಿಯಲ್ಲಿ ಯಾರಿದ್ದಾರೆಂದು ಕೇಳಿ ತಿಳಿಯಿರಿ. ಮಾಡಿದ ಕೆಲಸದ ಕೆಳಗೆ ಮೂರಕ್ಷರವನ್ನಲ್ಲ, ಪೂರ್ಣ ಹೆಸರನ್ನು ಬರೆಯಿರಿ. ಸಲ್ಲಬೇಕಾದ ಸಂಬಳವನ್ನು ಮರ್ಯಾದೆಯಿಂದ, ಆದರೆ ತಡವರಿಸದೆ ಕೇಳಿರಿ.

ತಂದೆತಾಯಿಗಳಲ್ಲಿ ನಮ್ಮ ಬಿನ್ನಹವಿಷ್ಟೇ: ಮಗಳು ಬಂದು ಹೇಳಿದಾಗ ಮೊದಲು “ನೀನು ಹೇಳಿದ್ದು ಒಳ್ಳೆಯದಾಯಿತು” ಎನ್ನಿರಿ. ಗಂಡುಮಕ್ಕಳ ಫೋನಿನಲ್ಲಿ ಏನು ನಡೆಯುತ್ತಿದೆಯೆಂಬುದನ್ನೂ ವಿಚಾರಿಸಿರಿ.

೭. ನಮ್ಮದೂ ಒಂದು ತಪ್ಪು

ಇಷ್ಟು ಮಂದಿಯ ತಪ್ಪುಗಳನ್ನು ಎಣಿಸಿದ ನಾವು ನಮ್ಮದನ್ನು ಮುಚ್ಚಿಡುವುದು ನ್ಯಾಯವಲ್ಲ. ಈಗ್ಗೆ ಕೆಲವು ವರ್ಷಗಳ ಹಿಂದೆ, ನಾವು ಪಾಠ ಹೇಳುತ್ತಿದ್ದ ಶಾಲೆಯೊಂದರಲ್ಲಿ ಗಣಕಯಂತ್ರವೊಂದು ಫಕ್ಕನೆ ನಿಂತುಹೋಯಿತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, “ಟೀಚರ್, ಹಿಂದೆ ವಯರು ಸಡಿಲವಾಗಿದೆಯೋ ಏನೋ, ಸ್ವಿಚ್ಚು ಆರಿಸಿ ನೋಡಲೇ?” ಎಂದಳು. “ಬೇಡಮ್ಮ, ಹಾಳಾದೀತು. ರಿಪೇರಿಯವರು ಬರಲಿ” ಎಂದೆವು. ಎರಡು ದಿನಗಳ ಮೇಲೆ ಒಬ್ಬ ಯುವಕನು ಬಂದನು, ಸ್ವಿಚ್ಚನ್ನು ಆರಿಸಿ, ಸಡಿಲವಾಗಿದ್ದ ವಯರನ್ನು ಒತ್ತಿದನು, ಯಂತ್ರವು ನಡೆಯಿತು. ಹುಡುಗಿಯು ಮುಂದಿನ ಬೆಂಚಿನಲ್ಲಿ ಕುಳಿತು ನೋಡುತ್ತಿದ್ದಳು. ಏನೂ ಹೇಳಲಿಲ್ಲ. ಅದರ ಮೇಲೆ ಆ ವರ್ಷವಿಡೀ ಅವಳು ಯಂತ್ರದ ವಿಷಯವಾಗಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ನಾವು ಹೆಂಗಸರೇ, ಹೆಣ್ಣುಮಕ್ಕಳ ಏಳಿಗೆಯನ್ನು ಬಯಸಿದವರೇ. ಆದರೂ ಗುರುವೆಂಬ ಸ್ಥಾನದ ಗರ್ವವೂ, ಹುಡುಗಿಯ ಕೈ ಯಂತ್ರವನ್ನು ಕೆಡಿಸುವುದೆಂಬ ಹಳೆಯ ಹೆದರಿಕೆಯೂ ಕೂಡಿ ನಮ್ಮ ಬಾಯಿಂದ ಆ ಮಾತನ್ನು ಆಡಿಸಿದವು. ಆ ಹುಡುಗಿಯು ಈ ಪುಟವನ್ನು ಓದಿದರೆ ತಿಳಿಯಲಿ: ಅಮ್ಮಾ, ನೀನು ಹೇಳಿದ್ದೇ ಸರಿಯಾಗಿತ್ತು, ನಾವು ತಪ್ಪಿದೆವು.

ಅಂದಿನಿಂದ ನಾವೊಂದು ನಿಯಮವನ್ನು ಇಟ್ಟುಕೊಂಡಿದ್ದೇವೆ. ಯಂತ್ರವು ಕೆಟ್ಟರೆ, ವಿದ್ಯುತ್ತನ್ನು ಆರಿಸಿದ ಮೇಲೆ, ಮೊದಲು ವಿದ್ಯಾರ್ಥಿನಿಯರನ್ನೇ ಕರೆದು, “ಏನಾಗಿರಬಹುದು? ನೋಡಿರಿ” ಎನ್ನುತ್ತೇವೆ. ಕೆಲವು ಸಲ ಅವರಿಂದ ಸರಿಹೋಗುತ್ತದೆ; ಕೆಲವು ಸಲ ರಿಪೇರಿಯವರೇ ಬರಬೇಕಾಗುತ್ತದೆ. ಆಗಲೂ ಹುಡುಗಿಯರು ಸುತ್ತಲೂ ನಿಂತು, ಅದೇನು, ಇದೇಕೆ ಎಂದು ಅವರನ್ನು ಬಿಡದೆ ಕೇಳುತ್ತಾರೆ. ಆ ಗದ್ದಲವನ್ನು ನಾವು ತಡೆಯುವುದಿಲ್ಲ.

ವಿಚಾರಿಸತಕ್ಕ ಪ್ರಶ್ನೆಗ‌ಳು

(೧) ೧೮೪೩ರಲ್ಲಿ ಮಂಗಳೂರಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ಅಚ್ಚಾದ ಎರಡು ಬರಹಗಳಾವುವು?
(೨) ಹಿಂದಿನ ಅರ್ಜಿಗಳನ್ನು ಓದಿ ಕಲಿತ ಯಂತ್ರವು ಪಕ್ಷಪಾತಿಯಾದುದು ಏಕೆ?
(೩) ತಪ್ಪನ್ನು ಒಪ್ಪಿಕೊಳ್ಳಲು ಒಬ್ಬರಿಗೆ ದಶಕಗಳೂ ಮತ್ತೊಬ್ಬರಿಗೆ ತಾಸುಗಳೂ ಹಿಡಿದುದಕ್ಕೆ ಕಾರಣವೇನಿರಬಹುದು?
(೪) ನಿಮ್ಮ ಮನೆಯಲ್ಲಿ ಬೇಂಕಿನ ಸಂದೇಶವು ಯಾರ ಫೋನಿಗೆ ಬರುತ್ತದೆ? ಖಾತೆ ಯಾರದು? ಮನೆಯಲ್ಲಿ ಕೇಳಿ ತಿಳಿದು ಬರೆಯಿರಿ.